ಆಗಸ್ಟ್ ಒಂದರ ಖಾಲಿ ಲೋಟ

ಹೆಣವನ್ನು ಮೊದಲು ಕಂಡವನು ಹಾಲಿನ ಗಾಡಿಯವನು. ಅವನು ಕಿರುಚಲಿಲ್ಲ. ಹೊದ್ದಿದ್ದ ಉಣ್ಣೆಯ ಪೋಂಚೊ ತೆಗೆದು ಆಕೆಯ ಮೇಲೆ ಹೊದಿಸಿದ. ಆಮೇಲೆ ಠಾಣೆಯ ಕಡೆ ಗಾಡಿ ತಿರುಗಿಸಿದ.

ಇನ್‌ಸ್ಪೆಕ್ಟರ್ ಫಿದೆಲಿನಾ ಇಸಪಿ ಹೊಳೆಗೆ ಇಳಿದಾಗ ಪೋಂಚೊ ಅಲ್ಲೇ ಇತ್ತು. ಪರಾಗ್ವೆಯಲ್ಲಿ ಆಗಸ್ಟ್ ಅಂದರೆ ಚಳಿ ಮತ್ತು ಒಣಹವೆ. ಹೊಳೆ ಮೊಣಕಾಲುದ್ದಕ್ಕೆ ಇಳಿದಿತ್ತು. ಊರಿನ ಕೊಳಚೆ ಶುದ್ಧೀಕರಣ ಘಟಕದ ಕೊಳವೆ ಬಂದು ಬೀಳುವಲ್ಲಿ ಬೂದು ಬಣ್ಣದ ನೊರೆ ಕಟ್ಟಿತ್ತು. ಹೆಂಗಸು ನೊರೆಯ ಪಕ್ಕದಲ್ಲೇ ಮುಖ ಅಡಿಯಾಗಿ ಬಿದ್ದಿದ್ದಳು.

"ಯಾರು?"

"ರಾಜಧಾನಿಯ ಎಂಜಿನಿಯರಮ್ಮ, ಮೇಡಂ. ನೆಲಿದಾ ಅಗ್ವೇರೊ," ಅಂದ ಕಾನ್‌ಸ್ಟೇಬಲ್ ತಿಮೊತೆಯೊ. "ನೀರು ಹಿಡಿಯೋಕೆ ಬಂದು ಜಾರಿರಬೇಕು. ನೋಡಿ, ಪೆಟ್ಟಿಗೆ ಅಲ್ಲೇ ಇದೆ."

ದಡದ ಮೇಲೆ ಐಸ್ ಪೆಟ್ಟಿಗೆ. ಒಳಗೆ ನೀರು ತುಂಬಿದ ಬಾಟಲಿಗಳು, ಆಗಸ್ಟ್ ಒಂದರ ಚೀಟಿ ಅಂಟಿಸಿಕೊಂಡು ಸಾಲಾಗಿ ನಿಂತಿದ್ದವು. ಬಾಟಲಿ ಸುತ್ತುವ ಬಟ್ಟೆಯೊಂದು ಮಡಚಿಟ್ಟಿತ್ತು. ಅದರ ತುಂಬ ಸುಟ್ಟಂಥ ಸಣ್ಣ ಸಣ್ಣ ತೂತು.

ಡಾಕ್ಟರು ಹಣೆಯ ಗಾಯ ನೋಡಿದರು. "ಕಲ್ಲಿಗೆ ತಗುಲಿದೆ. ತಾನೇ ಬಿದ್ದಳೋ, ಯಾರಾದರೂ ನೂಕಿದರೋ, ಗಾಯ ಹೇಳಲ್ಲ."

"ಯಾವಾಗ?"

"ನೀರು ಹೀಗೆ ಕೊರೀತಿದೆ. ನಿನ್ನೆ ರಾತ್ರಿಯೋ, ಇವತ್ತು ಬೆಳಗಿನ ಜಾವವೋ. ಕೊಯ್ದು ನೋಡೋವರೆಗೂ ನನ್ನ ಬಾಯಿ ಬಿಡಿಸಬೇಡಮ್ಮ."

ಫಿದೆಲಿನಾ ಬಗ್ಗಿ ಪೋಂಚೊವಿನ ಅಂಚನ್ನು ಆ ತಣ್ಣನೆಯ ಪಾದಗಳ ಮೇಲೂ ಎಳೆದಳು.

*

ಸಾನ್ ಎಲಿಯಾಸ್ ಊರು ಬೆಳೆದಿತ್ತು. ಘಟಕವನ್ನು ಈಗಿನ ಎರಡರಷ್ಟು ಮಾಡುವುದೆಂದು ತೀರ್ಮಾನವಾಗಿತ್ತು. ಹಾಗೆ ದೊಡ್ಡದಾದ ಘಟಕ ಎಷ್ಟು ಕೊಳೆಯನ್ನು ಹೊಳೆಗೆ ಬಿಡಬಹುದು? ಆ ಮಿತಿಯನ್ನು ನೆಲಿದಾ ಗೊತ್ತುಮಾಡಬೇಕಿತ್ತು. ಬತ್ತಿದ ಹೊಳೆಯ ನೀರನ್ನು ಪರೀಕ್ಷಿಸಿ, ಅದು ಇನ್ನೆಷ್ಟು ತಡೆದೀತು ಎಂದು ಲೆಕ್ಕ ಹಾಕುವುದು ಅವಳ ಕೆಲಸ. ನೀರು ಚೆನ್ನಾಗಿದ್ದರೆ ಮಿತಿ ಸಡಿಲ. ಕೆಟ್ಟಿದ್ದರೆ ಮಿತಿ ಬಿಗಿ. ಆಗ ಇನ್ನೊಂದು ತೊಟ್ಟಿ ಕಟ್ಟಬೇಕು. ಕೆಳಗಿನ ಪಾಸೊ ಕೇರಿಯ ಬಾವಿಗಳಿಗೆಲ್ಲ ಆ ಹೊಳೆಯದೇ ಒರತೆ. ಅಲ್ಲಿನ ಮಕ್ಕಳ ಮೈಮೇಲೆ ಹುಣ್ಣೆದ್ದು ಎರಡು ಬೇಸಿಗೆ ಕಳೆದಿದ್ದವು.

ಪರೀಕ್ಷೆಗೆ ಈ ಬಾಟಲಿಗಳೇ ಕೊನೆಯವು. ಅವು ಸಂಜೆಯೊಳಗೆ ರಾಜಧಾನಿಯ ಪ್ರಯೋಗಾಲಯ ಸೇರಿದರೆ ಮಿತಿ ಗೊತ್ತಾದಂತೆ.

"ಕಳಿಸಿಬಿಡಲಾ ಮೇಡಂ?" ತಿಮೊತೆಯೊ ಕೇಳಿದ. "ಪಾಪ, ಸತ್ತವಳ ಕೊನೇ ಕೆಲಸ."

"ಪೆಟ್ಟಿಗೆ ಜೀಪಿನಲ್ಲೇ ಇರಲಿ."

*

ನೆಲಿದಾ ಇಳಿದುಕೊಂಡಿದ್ದ ವಸತಿಗೃಹದ ಒಡತಿ, ಊರಿನವರು ಗೌರವದಿಂದ ‘ನ್ಯಾ’ ಎನ್ನುವ ಬಸಿಲಿಸಾ, ಅಡುಗೆಮನೆಯಲ್ಲಿ ಕೂತು ಅಳುತ್ತಿದ್ದಳು. ಮುದುಕಿಯ ಮಡಿಲಲ್ಲಿ ಒಂದು ಪುಟ್ಟ ಗಾಜಿನ ಲೋಟ.

"ನಾನೇ ಕೊಂದೆ ಕಣೇ ಮಗಳೇ."

"ಏನಂತೀರಿ ನ್ಯಾ ಬಸಿಲಿಸಾ?"

"ಇವತ್ತು ಆಗಸ್ಟ್ ಒಂದಲ್ವಾ. ನಿನ್ನೆ ಸಂಜೆನೇ ಎಲ್ಲರ ಕೋಣೆಯಲ್ಲೂ ಕಾರುಲಿಮ್ ಇಟ್ಟು ಮಲಗಿದೆ. ಅವಳು ಊಟ ಮುಗಿಸಿ ಹೊರಗೆ ಹೋಗಿದ್ದಳು."

ಫಿದೆಲಿನಾ ತಾನೂ ಬೆಳಿಗ್ಗೆ ಎದ್ದವಳೇ ಅದನ್ನು ಕುಡಿದಿದ್ದಳು. ಕಬ್ಬಿನ ಸಾರಾಯಿ, ನಾಗದಾಳಿ ಸೊಪ್ಪು, ನಿಂಬೆ. ಖಾಲಿ ಹೊಟ್ಟೆಗೆ ಒಂದೇ ಸಲ. ಆಗಸ್ಟಿನ ಕೇಡು ತಾಕದಿರಲಿ ಎಂದು ಊರಿಗೆ ಊರೇ ಕುಡಿಯುತ್ತದೆ.

"ಅವಳಿಗೆ ಲಿವರ್ ಕಾಯಿಲೆ. ಮುಟ್ಟಂಗಿಲ್ಲ. ಮೊನ್ನೆನೇ ಹೇಳಿದ್ದಳು, ‘ಅಜ್ಜಿ, ಬೇಜಾರು ಮಾಡ್ಕೋಬೇಡಿ, ಇಡಿ, ಬೆಳಿಗ್ಗೆ ಇಬ್ಬರೂ ಸೇರಿ ಬಾಗಿಲಲ್ಲಿ ಭೂತಾಯಿಗೆ ಅಂತ ಮಣ್ಣಿಗೆ ಹಾಕೋಣ’ ಅಂತ. ಬೆಳಿಗ್ಗೆ ನೋಡಿದರೆ ಲೋಟ ಖಾಲಿ! ಈ ಮುದುಕಿ ನೊಂದ್ಕೋತಾಳೆ ಅಂತ ಕುಡಿದುಬಿಟ್ಟಳು. ತಲೆ ಸುತ್ತಿ ಹೊಳೆಗೆ ಬಿದ್ದಳು."

ಕೋಣೆಯ ಬಾಗಿಲು ನೇರವಾಗಿ ಅಂಗಳಕ್ಕೆ ತೆರೆಯುತ್ತಿತ್ತು. ಹಾಸಿಗೆ ಮುದುಡಿತ್ತು. ರಾತ್ರಿ ಮಲಗಿ, ಬೆಳಿಗ್ಗೆ ಎದ್ದು, ಲೋಟ ಮುಗಿಸಿ ಹೋದವಳ ಕೋಣೆ. ಆದರೆ ಮೇಜಿನ ಮೇಲೆ ಲಿವರಿನ ಮಾತ್ರೆಗಳಿದ್ದವು. ದಿನದ ಹೆಸರು ಬರೆದ ಡಬ್ಬಿಯಲ್ಲಿ ಹಿಂದಿನ ರಾತ್ರಿಯ ಮಾತ್ರೆ ಹಾಗೇ ಉಳಿದಿತ್ತು.

*

ಮೇಯರ್ ಕರಾಯ್ ಲಿಸಾರ್ದೊ ಕೂರಿಸಲೂ ಇಲ್ಲ.

"ಹೌದು, ಜಗಳ ಆಡಿದ್ದೆ. ‘ಇನ್ನೊಂದು ತೊಟ್ಟಿ ಅಂದರೆ ನಿನ್ನನ್ನೇ ಅದರೊಳಗೆ ಹಾಕಿಸ್ತೀನಿ’ ಅಂದಿದ್ದೆ. ಊರೆಲ್ಲ ಕೇಳಿದೆ. ಕೊಲ್ಲೋನು ಹಾಗೆ ಕೂಗಾಡ್ತಾನೇನಮ್ಮ?"

"ನಿನ್ನೆ ರಾತ್ರಿ ಎಲ್ಲಿದ್ರಿ?"

"ರಾಜಧಾನಿಯಲ್ಲಿ, ಮೊಮ್ಮಗಳ ಮದುವೆಯಲ್ಲಿ. ಬಿಷಪ್ಪರ ಪಕ್ಕ ಕೂತಿದ್ದೆ, ಕೇಳ್ಕೋ ಹೋಗು. ಕತ್ತಲಿರುವಾಗಲೇ ನೇರ ಘಟಕಕ್ಕೆ ಬಂದೆ. ಕೆಲಸದವರ ಜೊತೆ ಕಾರುಲಿಮ್ ಕುಡಿಯೋದು ನನ್ನ ಪದ್ಧತಿ. ಎಲ್ಲರೂ ಇದ್ದರು. ಆ ವಿಲ್ಫ್ರಿದೊ ಮಾತ್ರ ‘ನಂದು ಆಯ್ತು’ ಅಂತ ತುಟಿಗೆ ತಾಗಿಸಿ ಕೆಳಗಿಟ್ಟ. ಹೆಂಡತಿ ಅರ್ಜೆಂಟೀನಾದಲ್ಲಿ, ಮನೆಯಲ್ಲಿ ಒಲೆ ಹಚ್ಚೋರಿಲ್ಲ, ಇವನಿಗೆ ಯಾರು ಮಾಡ್ಕೊಟ್ಟರೋ! ಯಾವಳೋ ಇರಬೇಕು ಅಂತ ಹುಡುಗರು ಹಾಸ್ಯ ಮಾಡಿದರು."

ತಿಮೊತೆಯೊ ಕಿಸಕ್ಕನೆ ನಕ್ಕ. ಫಿದೆಲಿನಾ ನಗಲಿಲ್ಲ.

*

ಘಟಕದ ಮುಖ್ಯಸ್ಥ ವಿಲ್ಫ್ರಿದೊ ಮೆದು ಮಾತಿನ ಮನುಷ್ಯ. ಕಣ್ಣು ಕೆಂಪಗಿದ್ದವು. ಪೊಲೀಸರಿಗೆ ಕುರ್ಚಿ ಎಳೆದು ಹಾಕಿದ. ತಿಮೊತೆಯೊ ಕೆಮ್ಮಿದಾಗ ಕಿಟಕಿ ಮುಚ್ಚಿದ.

"ಒಳ್ಳೆ ಹೆಂಗಸು ಮೇಡಂ. ನನ್ನನ್ನ ಯಾವತ್ತೂ ಕೀಳಾಗಿ ನೋಡಲಿಲ್ಲ. ನೀರು ಕುಡೀತೀರಾ?"

ಒರೆಸಿಟ್ಟ ಶುಭ್ರವಾದ ಲೋಟ ತೆಗೆದ. ಸ್ವಲ್ಪ ನೀರು ಹಾಕಿ, ಅಲುಗಿಸಿ, ಚೆಲ್ಲಿದ. ಮತ್ತೆ ಹಾಕಿ ಚೆಲ್ಲಿದ. ಮೂರನೇ ಸಲವೂ. ಆಮೇಲೆ ತುಂಬಿ ಕೊಟ್ಟ.

"ಕ್ಷಮಿಸಿ, ಪ್ರಯೋಗಾಲಯದ ಅಭ್ಯಾಸ. ಹಿಡಿಯೋ ನೀರಲ್ಲೇ ಮೂರು ಸಲ ತೊಳೆದು ತುಂಬೋದು. ಹೆಂಡತಿ ನಗ್ತಾಳೆ."

"ನಿನ್ನೆ ರಾತ್ರಿ ಆಕೆಯನ್ನ ಕಂಡಿರಾ?"

"ಇಲ್ಲ. ಮನೆಯಲ್ಲೇ ಇದ್ದೆ, ಒಬ್ಬನೇ. ಬಾಟಲಿಗಳು ರಾಜಧಾನಿಗೆ ಹೊರಟವಾ ಮೇಡಂ? ತಡವಾದರೆ ಕೆಡ್ತಾವೆ. ಅವಳ ಶ್ರಮ ಹಾಳಾಗಬಾರದು."

ಫಿದೆಲಿನಾ ನೀರು ಪೂರ್ತಿ ಕುಡಿದು ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು.

*

ಜೀಪಿನಲ್ಲಿ ಕೂತು ಅವಳು ಆ ಬಟ್ಟೆಯನ್ನು ಮತ್ತೆ ಬಿಡಿಸಿದಳು. ತೂತುಗಳಲ್ಲಿ ಬೆರಳಾಡಿಸಿದಳು. ರಾಜಧಾನಿಯ ಪ್ರಯೋಗಾಲಯಕ್ಕೆ ಫೋನು ಮಾಡಿದಳು.

"ಅದು ಆಸಿಡ್‌ನಿಂದ ಆದದ್ದು," ಎಂದಿತು ಆ ಕಡೆಯ ಹೆಣ್ಣುದನಿ. ಆಕೆ ನಡುನಡುವೆ ಮೂಗು ಒರೆಸಿಕೊಳ್ಳುತ್ತಿದ್ದಳು. "ದೂರದ ಊರಿಂದ ಬರೋ ನೀರು ಕೆಡದಿರಲಿ ಅಂತ ನೆಲಿದಾ ಇಲ್ಲೇ ಬಾಟಲಿಗೆ ಕೆಲವು ಹನಿ ಆಸಿಡ್ ಹಾಕ್ಕೊಂಡು ಹೋಗ್ತಿದ್ದಳು. ಅದನ್ನ ತೊಳೀಬಾರದು, ನೇರ ತುಂಬಬೇಕು. ಪೆಟ್ಟಿಗೆಯಲ್ಲಿ ಹಳದಿ ಕಾಗದದ ಪಟ್ಟಿ ಇರಬೇಕು, ಅದ್ದಿ ನೋಡಿ. ಕೆಂಪಾಗುತ್ತೆ."

ಫಿದೆಲಿನಾ ಪಟ್ಟಿ ಅದ್ದಿದಳು. ಹಳದಿ ಹಳದಿಯಾಗಿಯೇ ಉಳಿಯಿತು. ಇನ್ನೊಂದು ಬಾಟಲಿಯಲ್ಲೂ ಅಷ್ಟೇ. ನೀರು ತಿಳಿಯಾಗಿತ್ತು, ವಾಸನೆಯಿಲ್ಲ. ಕೊಳವೆಗಿಂತ ಬಹಳ ಮೇಲಿನ ಹೊಳೆಯ ನೀರು.

ಅಷ್ಟರಲ್ಲಿ ಡಾಕ್ಟರ ಫೋನು ಬಂತು. "ಹೊಟ್ಟೆಯಲ್ಲಿ ರಾತ್ರಿಯ ಜೋಳದ ರೊಟ್ಟಿ ಇನ್ನೂ ಕರಗಿಲ್ಲ. ಸಾರಾಯಿ ಒಂದು ತೊಟ್ಟೂ ಇಲ್ಲ."

"ತಿಮೊತೆಯೊ, ಜೀಪು ತಿರುಗಿಸು."

*

"ನೀವು ಇವತ್ತು ಬೆಳಿಗ್ಗೆ ಕಾರುಲಿಮ್ ಎಲ್ಲಿ ಕುಡಿದ್ರಿ, ವಿಲ್ಫ್ರಿದೊ?"

"ಮನೆಯಲ್ಲಿ."

"ನಿಮ್ಮನೆ ಒಲೆ ತಣ್ಣಗಿದೆ ಅಂತ ಮೇಯರೇ ಹೇಳ್ತಾರೆ. ನಾನು ಹೇಳಲಾ? ನೆಲಿದಾ ಕೋಣೆಯಲ್ಲಿ. ಅವಳು ರಾತ್ರಿ ಮಾತ್ರೆ ತಗೊಂಡಿಲ್ಲ. ಊಟ ಮಾಡಿ ಹೊರಟವಳು ವಾಪಸ್ ಬರಲೇ ಇಲ್ಲ. ಅವಳ ಜೇಬಿನ ಬೀಗದ ಕೈ ತಗೊಂಡು ಕತ್ತಲಲ್ಲೇ ನೀವು ಅಲ್ಲಿಗೆ ಹೋದಿರಿ. ಹಾಸಿಗೆ ಕೆದರಿದಿರಿ. ಬೆಳಿಗ್ಗೆ ಎದ್ದು ಹೋದಳು ಅಂತ ಕಾಣಬೇಕಿತ್ತು. ಆ ಹೊತ್ತಿಗೆ ನೀವು ಘಟಕದಲ್ಲಿ ಎಲ್ಲರ ಜೊತೆ ಇದ್ದಿರಲ್ಲ, ಯಾರೂ ಅನುಮಾನ ಪಡಲ್ಲ. ಲೋಟ ತುಂಬಿದ್ದರೆ ಯಾರು ನಂಬ್ತಾರೆ? ಆಗಸ್ಟ್ ಒಂದರಂದು ಅದನ್ನ ಕುಡಿಯದೆ ಹೊಸ್ತಿಲು ದಾಟೋರು ಈ ನಾಡಲ್ಲಿ ಯಾರೂ ಇಲ್ಲ ಅಂತ ಲೋಟ ಖಾಲಿ ಮಾಡಿದಿರಿ. ಅವಳು ಕುಡೀತಿರಲಿಲ್ಲ."

ವಿಲ್ಫ್ರಿದೊ ಕುರ್ಚಿಯ ಬೆನ್ನು ಹಿಡಿದುಕೊಂಡ.

"ಬೇರೆ ಯಾರಾದರೂ ಕುಡಿದಿರಬಹುದಲ್ಲ."

"ಬಹುದಿತ್ತು. ಆದರೆ ಕೋಣೆಯಿಂದ ತಂದ ಅವಳ ಖಾಲಿ ಬಾಟಲಿಗಳನ್ನ ಮೇಲಿನ ಹೊಳೆಯ ನೀರಲ್ಲಿ ಯಾರೋ ತೊಳೆದು ತುಂಬಿದ್ದಾರೆ. ಆಸಿಡ್ ಪೂರ್ತಿ ಹೋಗೋ ಹಾಗೆ, ಒಂದಲ್ಲ, ಮೂರು ಸಲ. ಬೇರೆ ಯಾರಾದರೂ ಆಗಿದ್ದರೆ ಮುಳುಗಿಸಿ ಎತ್ತಿ ಮುಚ್ಚಳ ಹಾಕ್ತಿದ್ದರು."

ಅವನು ತನ್ನ ಬಲಗೈಯನ್ನೇ ನೋಡಿದ.

"ಆಸಿಡ್ ಇರುತ್ತೆ ಅಂತ ಗೊತ್ತಿತ್ತು ಮೇಡಂ. ಕೈಗೆ ಗೊತ್ತಿರಲಿಲ್ಲ."

"ಯಾಕೆ?"

"ರಾತ್ರಿ ಹೊತ್ತು ನಾವು ಕೊಳಚೆನ ಹಾಗೇ ಬಿಡ್ತಿದ್ವಿ. ವರ್ಷಗಳಿಂದ. ಯಂತ್ರಗಳಿಗೆ ಅಷ್ಟು ಶಕ್ತಿ ಇರಲಿಲ್ಲ. ನೀರು ಶುದ್ಧ ಅಂತ ನಾನು ರುಜು ಹಾಕ್ತಿದ್ದೆ. ಅವಳು ಕಂಡುಹಿಡಿದಳು. ನಿನ್ನೆ ರಾತ್ರಿ ಹೊಳೆಯ ಹತ್ತಿರ ಕರೆಸಿ ಹೇಳಿದಳು, ‘ಎಲ್ಲರೆದುರು ನಿಮಗೆ ಅವಮಾನ ಆಗಬಾರದು, ನಾಳೆ ನೀವೇ ಹೇಳಿಬಿಡಿ’ ಅಂತ. ಪಾಸೊ ಮಕ್ಕಳ ಹುಣ್ಣಿನ ಫೋಟೊ ತೋರಿಸಿದಳು. ನೂಕಿಬಿಟ್ಟೆ. ಬಿದ್ದ ಮೇಲೂ ಉಸಿರಾಡ್ತಿದ್ದಳು. ನಾನು ಎತ್ತಲಿಲ್ಲ."

ಫಿದೆಲಿನಾ ಕೈಕೋಳ ತೆಗೆದಳು.

"ಲೋಟ ಯಾಕೆ ಕುಡಿದಿರಿ?" ತಿಮೊತೆಯೊ ತಡೆಯಲಾರದೆ ಕೇಳಿದ. "ಅಂಗಳಕ್ಕೆ ಚೆಲ್ಲಬಹುದಿತ್ತಲ್ಲ."

"ಕಾರುಲಿಮ್ ಚೆಲ್ಲಿದರೆ ಕೇಡಲ್ವಾ ತಮ್ಮ?" ಅಂದ ವಿಲ್ಫ್ರಿದೊ.

*

ಬಾಟಲಿಗಳು ರಾಜಧಾನಿಗೆ ಹೋಗಲಿಲ್ಲ. ಮಿತಿ ಗೊತ್ತಾಗಲಿಲ್ಲ. ಬೇರೊಬ್ಬರು ಬರಬೇಕು, ಹೊಸದಾಗಿ ನೀರು ಹಿಡಿಯಬೇಕು, ಈ ಸಲ ರಾತ್ರಿಯದನ್ನೂ. ಅಲ್ಲಿಯವರೆಗೆ ಘಟಕದ ವಿಸ್ತರಣೆ ನಿಂತಿತು. ಕೊಳವೆ ನಿಲ್ಲಲಿಲ್ಲ.

ಸಂಜೆ ಫಿದೆಲಿನಾ ವಸತಿಗೃಹಕ್ಕೆ ಹೋದಳು. ನ್ಯಾ ಬಸಿಲಿಸಾ ಬೆಳಗಿನಿಂದ ಏನೂ ತಿಂದಿರಲಿಲ್ಲ.

"ಅವಳು ಕುಡಿಯಲಿಲ್ಲ ಅಜ್ಜಿ. ನೀವು ಕೊಲ್ಲಲಿಲ್ಲ."

ಮುದುಕಿ ಎದ್ದು ಬೇರೊಂದು ಲೋಟಕ್ಕೆ ಕಾರುಲಿಮ್ ಬಗ್ಗಿಸಿದಳು. ನಾಗದಾಳಿಯ ಎಸಳೊಂದನ್ನು ಮೇಲೆ ತೇಲಿಬಿಟ್ಟಳು.

"ಇಬ್ಬರೂ ಸೇರಿ ಹಾಕೋಣ ಅಂದಿದ್ದಳು. ಅವಳ ಬದಲು ನೀನು ಹಿಡ್ಕೋ ಮಗಳೇ."

ಇಬ್ಬರೂ ಲೋಟ ಹಿಡಿದು ಹೊಸ್ತಿಲಾಚೆ ಬಗ್ಗಿಸಿದರು. ಒಣಗಿದ ಮಣ್ಣು ಅದನ್ನು ತಕ್ಷಣ ಕುಡಿದುಬಿಟ್ಟಿತು.