ಜೂನ್ ತಿಂಗಳ ದನಿಗಳು

ಬೀರು ತೆರೆದಾಗ ರೆಕಾರ್ಡರ್ ಇತ್ತು, ಅದರೊಳಗಿನ ಮೆಮೊರಿ ಕಾರ್ಡ್ ಇರಲಿಲ್ಲ. ಮಹಾಂತೇಶ ಖಾನೆಗಳನ್ನೆಲ್ಲ ತಡಕಾಡಿದ. ಮೀನುಗಾರರು, ಬಂದರಿನವರು, ವಿಜ್ಞಾನಿಗಳು ಎಲ್ಲರೂ ಒಂದೇ ಕಡೆ ಕಡಲಿನ ಗಾಳಿ, ಅಲೆಗಳ ಮಾಹಿತಿ ನೋಡುವಂಥ ವ್ಯವಸ್ಥೆಯೊಂದು ತಯಾರಾಗಬೇಕಿತ್ತು. ಯಾರಿಗೆ ಏನು ಬೇಕೆಂದು ಮೊದಲು ಕೇಳಿ ತಿಳಿಯುವ ಕೆಲಸ ಮೈಸೂರಿನ ರಾಮಕೃಷ್ಣನಗರದ ಅವನ ಸಣ್ಣ ಕಚೇರಿಗೆ ಸಿಕ್ಕಿತ್ತು. ಮೀನುಗಾರರ ದನಿಗಳೆಲ್ಲ ಆ ಕಾರ್ಡಿನಲ್ಲಿದ್ದವು. ಮಧ್ಯಾಹ್ನದ ಸಭೆಯಲ್ಲಿ ಅವನ್ನು ಕೇಳಿಸುವುದಾಗಿ ಹಿಂದಿನ ಸಂಜೆಯಷ್ಟೇ ಅವನು ಎಲ್ಲರಿಗೂ ಹೇಳಿದ್ದ.

ಬೀಗ ಮುರಿದಿರಲಿಲ್ಲ. ಕೀಲಿ ಇದ್ದದ್ದು ಅವನ ಬಳಿ, ಕರಾವಳಿಗೆ ಹೋಗಿ ದನಿಗಳನ್ನು ತಂದ ಹೆಂಡತಿಯ ತಮ್ಮ ಸುಂದರೇಶನ ಬಳಿ, ಮತ್ತು ಅವನ್ನು ಕೇಳಿ ಟೈಪು ಮಾಡಬೇಕಿದ್ದ ಭವ್ಯಶ್ರೀಯ ಬಳಿ. ಮನೆಯವನ ಮೇಲೆ ಅನುಮಾನ ಹೇಗೆ ಬಂದೀತು? ಮಹಾಂತೇಶ ಆತುರಕ್ಕೆ ಬಿದ್ದು ಎಲ್ಲರೆದುರಿಗೇ ಭವ್ಯಶ್ರೀಯ ಬ್ಯಾಗನ್ನು ಮೇಜಿನ ಮೇಲೆ ಸುರಿದ. ಊಟದ ಡಬ್ಬಿ, ಬಾಚಣಿಗೆ, ಮಗಳ ಕೆಮ್ಮಿನ ಔಷಧಿ.

"ಎಲ್ಲೋ ಬಚ್ಚಿಟ್ಬುಟ್ಟಿದಾಳೆ ಕಣ್ ಭಾವ," ಅಂದ ಸುಂದರೇಶ.

ಭವ್ಯಶ್ರೀ ಒಂದೊಂದನ್ನೇ ಎತ್ತಿ ಬ್ಯಾಗಿಗೆ ಹಾಕಿಕೊಂಡಳು. ಕಳ್ಳಿ ಎನಿಸಿಕೊಂಡು ಹೊರಬಿದ್ದರೆ ಅವಳಿಗೆ ಬೇರೆಲ್ಲೂ ಕೆಲಸ ಸಿಗುವಂತಿರಲಿಲ್ಲ.

ಮಹಡಿಯ ಮೇಲಿದ್ದ ಗಿರಿಜಾಂಬಾ ಕಾರವಾರದಲ್ಲಿ ಪೊಲೀಸ್ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು. ಬಡಾವಣೆಯಲ್ಲಿ ಏನು ಕಳುವಾದರೂ ಜನ ಅವರ ಬಾಗಿಲು ತಟ್ಟುತ್ತಿದ್ದರು, ಅವರ ಹಿಂದೆ ಓಡಾಡುವ ಹುಚ್ಚು ಮಹಾಂತೇಶನಿಗೆ ಮೊದಲಿನಿಂದಲೂ ಇತ್ತು. ಅವರು ಇಳಿದು ಬಂದು, ಇಷ್ಟು ಬೆಲೆಯ ರೆಕಾರ್ಡರನ್ನು ಕಳ್ಳ ಯಾಕೆ ಬಿಟ್ಟ ಎಂದು ಕೇಳಿದರು. ಭವ್ಯಶ್ರೀ ಕಾರ್ಡು ಕೊಡಿ ಎಂದು ಎರಡು ವಾರದಿಂದ ಸುಂದರೇಶನ ಬೆನ್ನು ಹತ್ತಿದ್ದಳೆಂದೂ, ಅವನು ರೆಕಾರ್ಡರನ್ನು ಬೀರುವಿಗೆ ತಂದಿಟ್ಟದ್ದು ಹಿಂದಿನ ಸಂಜೆಯಷ್ಟೇ ಎಂದೂ ತಿಳಿದುಕೊಂಡರು. ಕೊನೆಗೆ ಅವನ ಪ್ರವಾಸದ ಕತೆ ಕೇಳುತ್ತ ಕೂತರು. ಜೂನ್ ನಡುವಿನಲ್ಲಿ ಮಲ್ಪೆಗೆ ಹೋದದ್ದು, ಬೆಳಗಿನ ಜಾವ ದೊಡ್ಡ ಬೋಟುಗಳು ಮೀನು ತುಂಬಿಕೊಂಡು ಬಂದದ್ದು, ಬುಟ್ಟಿ ಇಳಿಸುತ್ತಲೇ ಮೀನುಗಾರರು ಮಾತಾಡಿದ್ದು, ಎಲ್ಲವನ್ನೂ ಅವನು ರಸವತ್ತಾಗಿ ಹೇಳಿದ. ಮಹಾಂತೇಶನಿಗೆ ಭಾವಮೈದುನನ ಬಗ್ಗೆ ಹೆಮ್ಮೆಯೇ ಆಯಿತು.

ಮಧ್ಯಾಹ್ನ ಎಲ್ಲರೂ ಸೇರಿದರು. ಮಲ್ಪೆಯಿಂದ ಬೋಟಿನ ಮಾಲೀಕ ಯೋಗೇಂದ್ರ ಬಂದಿದ್ದರು. ಗಿರಿಜಾಂಬಾ ಪೀಠಿಕೆ ಹಾಕಲಿಲ್ಲ.

"ದುಡ್ಡಿಗೆ ಕದಿಯೋನು ರೆಕಾರ್ಡರ್ ಒಯ್ತಿದ್ದ. ಇಲ್ಲಿ ಕಳ್ಳನಿಗೆ ಬೇಕಾಗಿದ್ದು ಕಾರ್ಡಿನಲ್ಲಿರೋದನ್ನ ಯಾರೂ ಕಿವಿಯಿಂದ ಕೇಳಬಾರದು ಅನ್ನೋದು. ಭವ್ಯಶ್ರೀ ಅದನ್ನ ಕೇಳಬೇಕು ಅಂತ ಕಾಡ್ತಿದ್ಲು, ಅವಳು ಬಚ್ಚಿಡೋದ್ಯಾಕೆ? ಕೊಡದೆ ದಿನ ತಳ್ತಿದ್ದೋರು ಇನ್ನೊಬ್ರು. ನಿನ್ನೆ ಸಂಜೆ, ಸಭೇಲಿ ಕೇಳಿಸ್ತೀವಿ ಅಂದ ಮೇಲೆ ಅವರಿಗೆ ದಾರಿ ಉಳೀಲಿಲ್ಲ. ಯೋಗೇಂದ್ರ ಅವರೇ, ಜೂನ್‌ನಲ್ಲಿ ದೊಡ್ಡ ಬೋಟು ಕಡಲಿಗೆ ಇಳಿಯುತ್ತಾ?"

"ಇಲ್ಲ. ಜೂನ್, ಜುಲೈ ನಿಷೇಧ. ಮೀನು ಮೊಟ್ಟೆ ಇಡುವ ಕಾಲ, ಕಡಲೂ ಜೋರು. ಬೋಟು ದಡದಲ್ಲೇ ಕಟ್ಟಿರ್ತದೆ."

ಕಾರವಾರದಲ್ಲಿ ಇದ್ದವರಿಗೆ ಇದು ಗೊತ್ತಿರುತ್ತದೆ, ಮೈಸೂರಿನಲ್ಲೇ ಕೂತು ಕಡಲನ್ನು ಊಹಿಸಿದವರಿಗೆ ಗೊತ್ತಿರುವುದಿಲ್ಲ ಎಂದರು ಗಿರಿಜಾಂಬಾ. ಸುಂದರೇಶ ತಲೆ ತಗ್ಗಿಸಿ ಜೇಬಿನಿಂದ ಕಾರ್ಡು ತೆಗೆದಿಟ್ಟ. ಅದರಲ್ಲಿ ಒಂದು ದನಿಯೂ ಇರಲಿಲ್ಲ. ಮಳೆಗೆ ಹೆದರಿ ಮೈಸೂರಿನದೇ ಕೆಸರೆ ಬಡಾವಣೆಯ ಗೆಳೆಯನ ಮನೆಯಲ್ಲಿದ್ದು, ಮೀನುಗಾರರಿಗೆ ಬೇಕಾದ್ದನ್ನೆಲ್ಲ ತಾನೇ ಯೋಚಿಸಿ ಬರೆದಿದ್ದ.

"ಅಂದ್ರೆ ನಮ್ಮನ್ನು ಯಾರೂ ಕೇಳಲೇ ಇಲ್ಲ," ಎಂದರು ಯೋಗೇಂದ್ರ. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಮಹಾಂತೇಶನಿಗೆ ನಾಚಿಕೆ ಇನ್ನೂ ಹೆಚ್ಚಾಯಿತು.

ಅವನು ಭವ್ಯಶ್ರೀಯನ್ನು ಹೊರಗೆ ಕರೆದು, ತಪ್ಪಾಯಿತು ಎಂದು ಮೆಲ್ಲಗೆ ಹೇಳಿದ.

"ಕಳ್ಳಿ ಅಂದಿದ್ದು ಒಳಗಡೆ, ಎಲ್ಲರ ಮುಂದೆ ಸರ್. ಇದನ್ನೂ ಅಲ್ಲೇ ಹೇಳಿ."

ಮಹಾಂತೇಶನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಆದರೂ ಒಳಗೆ ಬಂದು, ಹೊರಡಲು ಎದ್ದಿದ್ದ ಯೋಗೇಂದ್ರರನ್ನು ಕೂರಿಸಿ, ಅವಳಿಗೆ ಕೈ ಮುಗಿದ. "ಕದ್ದವನು ನಮ್ಮ ಮನೆಯವನು. ನಾನು ಮರ್ಯಾದೆ ಕಳೆದಿದ್ದು ನಿಮ್ಮದು," ಎಂದ.

ಭವ್ಯಶ್ರೀ "ಸರಿ" ಎಂದಳು. ಕ್ಷಮಿಸಿದೆ ಎನ್ನಲಿಲ್ಲ.