ಉಜ್ಜಿ ಅಳಿಸಿದ ಡಬ್ಬಗಳು

ಸೂರ್ಯ ಮುಳುಗುವುದರೊಳಗೆ ಅಪ್ಪನನ್ನು ಕಲ್ಲುಬಾವಿಯ ಹತ್ತಿರ ಮಣ್ಣು ಮಾಡಬೇಕಿತ್ತು. ಅವನು ಹುಟ್ಟಿದ ಜಾಗ ಅದು. ಅಲ್ಲೇ ಮಲಗಬೇಕು ಎಂದು ಕೊನೆಯ ವಾರವೆಲ್ಲ ಹೇಳುತ್ತಿದ್ದ. ನೆಂಟರು ಮುಂಚೆಯೇ ಹೋಗಿ ಗುಂಡಿ ತೋಡಿ ಕಾಯುತ್ತಿದ್ದರು. ಭೂಮಿಯ ಈ ದಕ್ಷಿಣದ ಮರಳುಗಾಡಿನಲ್ಲಿ ಡಿಸೆಂಬರ್ ಎಂದರೆ ನಡುಬೇಸಿಗೆ; ಆ ಬಿಸಿಲಿಗೆ ಹೆಣ ಇನ್ನೊಂದು ದಿನ ತಡೆಯುವಂತಿರಲಿಲ್ಲ. ಇವತ್ತು ಮುಟ್ಟದಿದ್ದರೆ ದಾರಿಯಲ್ಲೇ ಎಲ್ಲೋ ಹೂಳಬೇಕು, ಬೇರೆಯವರ ನೆಲದಲ್ಲಿ.

ಪಿಕಪ್ ಓಡಿಸುತ್ತಿದ್ದವಳು ಮಗಳು ನೊರೀನ್. ಪಕ್ಕದಲ್ಲಿ ಅಪ್ಪನ ಅಕ್ಕ ಲೋರ್ನಾ, ಕಿಟಕಿಯ ಕಡೆ ಅಪ್ಪನ ಭಾವಮೈದ ಸೆಲ್ವಿನ್. ಹಿಂದೆ ಪೆಟ್ಟಿಗೆ, ನೀರಿನ ಕ್ಯಾನು, ಎರಡು ಡಬ್ಬ ಇಂಜಿನ್ ಆಯಿಲ್. ಅಪ್ಪನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಹೆಸರು ಕೇಳಿದರೆ, ತಮ್ಮ ಗುರುತು ಕಂಡರೆ ಸತ್ತವರಿಗೆ ಹೋಗಲು ಮನಸ್ಸಾಗುವುದಿಲ್ಲ ಎಂಬುದು ಅವರ ಜನರ ನಂಬಿಕೆ.

ಕೆಂಪು ಮರಳಿನ ದಿಬ್ಬ, ಇಳಿದರೆ ಒಣಹುಲ್ಲಿನ ತಗ್ಗು, ಮತ್ತೆ ದಿಬ್ಬ. ಬೆಳಗಿನಿಂದ ಅದೇ. ಟೈರಿನ ಗಾಳಿ ಅರ್ಧ ಇಳಿಸಿ, ದೂರದಿಂದ ವೇಗ ಹಿಡಿದು ಏರಿಸಬೇಕು. ನಡುವೆ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಗಾಡಿ ಹೂತುಹೋಗುತ್ತದೆ. ಈ ನೆಲದಲ್ಲಿ ಓಡಿಸುವುದನ್ನು ಅಪ್ಪನೇ ಕಲಿಸಿದ್ದ, ಬೈದು ಬೈದು.

"ಬದುಕಿದ್ದಾಗ ನಿಧಾನ ನಿಧಾನ ಅಂತ ಪ್ರಾಣ ತಿಂತಿದ್ದ. ಈಗ ನೋಡು, ತೆಪ್ಪಗೆ ಮಲಗಿದ್ದಾನೆ ಭಾವ," ಎಂದ ಸೆಲ್ವಿನ್. ನಗಲು ಹೊರಟವನ ದನಿ ಒಡೆಯಿತು.

ಠಣ್!

ಹುಲ್ಲಿನೊಳಗೆ ಅಡಗಿದ್ದ ಕಲ್ಲು ಇಂಜಿನ್ನಿನ ತಳಕ್ಕೆ ಬಡಿದಿತ್ತು. ಆಯಿಲ್ ಕಡಿಮೆಯಾದರೆ ಎಚ್ಚರಿಸುವ ಕೆಂಪು ದೀಪ ಹತ್ತಿತು. ನೊರೀನ್ ತಕ್ಷಣ ಕೀಲಿ ತಿರುಗಿಸಿ ನಿಲ್ಲಿಸಿದಳು. ಕೆಳಗೆ ನುಸುಳಿ ನೋಡಿದರೆ ಸಣ್ಣ ಬಿರುಕು, ಮರಳಿನ ಮೇಲೆ ಕಪ್ಪು ಮಡು.

"ಅತ್ತೆ, ಸೋಪು!"

"ನೆಂಟರ ಮುಂದೆ ಮುಖ ತೊಳ್ಕೊಂಡು ನಿಲ್ಲೋಣ ಅಂತ ತಂದಿದ್ದೆ ಕಣೇ," ಎನ್ನುತ್ತಲೇ ಲೋರ್ನಾ ಕೊಟ್ಟಳು.

ಸೋಪನ್ನು ಮೇಣದ ಹಾಗೆ ನಾದಿ ಬಿರುಕಿಗೆ ತುಂಬಿದ್ದಾಯಿತು. ಇನ್ನು ಆಯಿಲ್ ಸುರಿಯಬೇಕು. ಆದರೆ ಯಾವುದು?

ಅಪ್ಪ ಎರಡು ಬಗೆ ಇಡುತ್ತಿದ್ದ. ಚಳಿಗಾಲದ ಮುಂಜಾನೆ ಇಂಜಿನ್ ಎಬ್ಬಿಸಲು ತೆಳುವಾದದ್ದು, ಬೇಸಿಗೆಗೆ ಮಂದವಾದದ್ದು. ಎರಡನ್ನೂ ಹಳೆಯ ಡಬ್ಬಗಳಿಗೆ ಸುರಿದು ಮೇಲೆ ತನ್ನ ಕೈಯಾರೆ ಬರೆಯುತ್ತಿದ್ದ. ಈಗ ಎರಡೂ ಡಬ್ಬ ಬೋಳಾಗಿದ್ದವು.

ಲೋರ್ನಾ ತಲೆ ತಗ್ಗಿಸಿದಳು. "ಅವನ ಕೈಬರಹ ನಿನ್ನ ಕಣ್ಣಿಗೆ ಬೀಳಬಾರದು ಅಂತ... ಸೀಮೆಎಣ್ಣೆ ಹಾಕಿ ನಾನೇ ಉಜ್ಜಿದೆ."

ಅಪ್ಪನ ಅಂಗಿಗಳನ್ನು ಸುಟ್ಟವಳು, ಅವನ ಫೋಟೋ ಮುಚ್ಚಿಟ್ಟವಳು ಲೋರ್ನಾಳೇ. ಎಲ್ಲ ಪ್ರೀತಿಯಿಂದಲೇ ಮಾಡಿದ್ದು.

"ಎರಡನ್ನೂ ಬೆರೆಸಿ ಸುರಿ," ಎಂದ ಸೆಲ್ವಿನ್.

"ಬೇಡ ಮಾವ. ಸವೆದ ಇಂಜಿನ್ನು. ಈ ಬಿಸಿಲಲ್ಲಿ ತೆಳು ಸೇರಿದ್ರೆ ದಿಬ್ಬ ಹತ್ತೋವಾಗ ನೀರಾಗುತ್ತೆ. ಬೇರಿಂಗು ಹೋದ್ರೆ ನಾವೂ ಇಲ್ಲೇ."

ಎರಡನ್ನೂ ಬೆರಳಲ್ಲಿ ಉಜ್ಜಿ ನೋಡಿದಳು. ವ್ಯತ್ಯಾಸವೇ ತಿಳಿಯಲಿಲ್ಲ. ಅಪ್ಪನನ್ನು ಒಂದೇ ಒಂದು ಮಾತು ಕೇಳಬೇಕಿತ್ತು. ಅವನು ಎರಡು ಮಾರು ದೂರದಲ್ಲಿದ್ದ, ಮೊಳೆ ಹೊಡೆದ ಹಲಗೆಯ ಕೆಳಗೆ. ಅವಳು ಚಕ್ರಕ್ಕೆ ಒರಗಿ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಅಳು ಇಳಿದಾಗ ಅವನ ಬೈಗುಳ ನೆನಪಾಯಿತು. 'ಬೆರಳು ಸುಳ್ಳು ಹೇಳುತ್ತೆ ಕಣೇ ಪೆದ್ದಿ. ಇಂಜಿನ್ ಎಷ್ಟು ಕಾಯುತ್ತೋ ಅಷ್ಟು ಕಾಯಿಸಿ, ಗುಳ್ಳೆ ನೋಡು.'

"ಮಾವ, ಬೆಂಕಿ ಹಾಕಿ. ಅತ್ತೆ, ಬುತ್ತಿ ಚೀಲದಲ್ಲಿರೋ ಜಾಮ್ ಬಾಟಲಿ ಎರಡೂ ಖಾಲಿ ಮಾಡಿ ಕೊಡಿ."

ಬಾಟಲಿಗಳಿಗೆ ಒಂದೊಂದು ಆಯಿಲ್ ತುಂಬಿ, ಮೇಲೆ ಬೆರಳಗಲ ಜಾಗ ಬಿಟ್ಟು ಮುಚ್ಚಳ ಬಿಗಿದು, ಕುದಿಯುವ ನೀರಲ್ಲಿ ನಿಲ್ಲಿಸಿದಳು.

"ನಂಗೆ ಟೀಗೆ ನೀರಿಲ್ಲ ಅಂದೆ. ಆಯಿಲ್‌ಗೆ ಸ್ನಾನ ಮಾಡಿಸ್ತಿದೀಯಾ?"

"ಸುಮ್ನಿರಿ ಮಾವ."

ಬಟ್ಟೆ ಸುತ್ತಿ ಎರಡನ್ನೂ ಎತ್ತಿ ಒಟ್ಟಿಗೆ ತಲೆಕೆಳಗು ಮಾಡಿದಳು. ಗಾಳಿಗುಳ್ಳೆಗಳು ಮೇಲೆ ಹೊರಟವು. ಎಡಗಡೆಯದು ಸರಕ್ಕನೆ ಏರಿತು. ಬಲಗಡೆಯದು ತುಸು ತಡೆದು ಮುಟ್ಟಿತು. ಇನ್ನೊಮ್ಮೆ. ಮತ್ತೊಮ್ಮೆ. ಮೂರು ಸಲವೂ ಬಲಗಡೆಯದೇ ಹಿಂದೆ.

"ಇದು ಮಂದ. ಇದನ್ನೇ ಸುರೀರಿ."

ಇಂಜಿನ್ ಎದ್ದಿತು. ದೀಪ ಆರಿತು.

ಕೊನೆಯ ದಿಬ್ಬ ಎಲ್ಲಕ್ಕಿಂತ ಎತ್ತರ. ಮೊದಲ ಸಲ ಅರ್ಧಕ್ಕೇ ಜಾರಿದರು. ಎರಡನೆಯ ಸಲ ಚಕ್ರ ಹೂತಿತು. ಮೂವರೂ ಕೈಯಲ್ಲೇ ಮರಳು ತೋಡಿದರು. ಮೂರನೆಯ ಸಲ ಇಂಜಿನ್ ಅರಚಿತು, ಕೆಂಪು ದೀಪ ಮಿಣುಕಿತು.

"ಬಿಡಬೇಡ! ಕಾಲು ತೆಗೀಬೇಡ!" ಲೋರ್ನಾ ಕೂಗಿದಳು.

ನೊರೀನ್ ತೆಗೆಯಲಿಲ್ಲ. ದೀಪ ಮತ್ತೆ ಆರಿತು. ನೆತ್ತಿ ದಾಟಿದಾಗ ಕೆಳಗೆ ಕಲ್ಲುಬಾವಿಯ ಬಂಡೆ, ಹೊಗೆ, ಎದ್ದು ನಿಂತ ಜನ ಕಂಡರು. ಹೆಂಗಸರ ಅಳು ಅಲ್ಲಿಯವರೆಗೂ ಕೇಳಿಸಿತು.

ಬೆಳಕಿರುವಾಗಲೇ ಅಪ್ಪನನ್ನು ಇಳಿಸಿದರು. ಕೊನೆಯ ಹಿಡಿ ಮಣ್ಣು ಹಾಕಿದ ಮೇಲೆ ನೊರೀನ್ ಆಯಿಲ್ ಮೆತ್ತಿದ ಕೈಯಲ್ಲೇ ಬಹಳ ಹೊತ್ತು ನಿಂತಳು.

ಮರುದಿನ ಹೊರಡುವಾಗ ಲೋರ್ನಾ ಬೆಂಕಿಯಿಂದ ಆರಿದ ಇದ್ದಿಲೊಂದನ್ನು ಹೆಕ್ಕಿ ತಂದಳು. ಉಳಿದಿದ್ದ ಡಬ್ಬವನ್ನು ನೊರೀನ್ ಮುಂದಿಟ್ಟು, "ಬರಿ," ಎಂದಳು. "ನಿನ್ನ ಕೈಯಲ್ಲಿ ಬರಿ."

ನೊರೀನ್ 'ತೆಳು, ಚಳಿಗಾಲಕ್ಕೆ' ಎಂದು ದೊಡ್ಡದಾಗಿ ಬರೆದಳು. ಮುಂದೊಂದು ದಿನ, ತಾನು ಹೋದ ಮೇಲೆ, ಯಾರೋ ಅಳುತ್ತಾ ಇದನ್ನೂ ಉಜ್ಜುತ್ತಾರೆಂದು ಅವಳಿಗೆ ಗೊತ್ತಿತ್ತು. ಇದ್ದಿಲು ಕೆಳಗಿಟ್ಟು, ಖಾಲಿ ಬಾಟಲಿಗಳನ್ನು ಎತ್ತಿಕೊಂಡಳು.

"ಇಲ್ಲಿ ಬನ್ನಿ ಅತ್ತೆ," ಎಂದಳು. "ಗುಳ್ಳೆ ನೋಡೋದು ಹೇಗೆ ಅಂತ ನಿಮಗೂ ಹೇಳಿಕೊಡ್ತೀನಿ."