‘ಕೆಳಗೆ ಖಾಲಿ, ಇಳಿ’

ಸೋಮವಾರ ಬೆಳಗ್ಗೆ ಎಂಟಕ್ಕೆ ಅಲಬಾಮಾದ ಪೈನ್ ಕ್ರೀಕ್ ಶೆರಿಫ್ ಕಚೇರಿಗೆ ದೂರು ಬಂತು. ಕೊಟ್ಟವಳು ರೇಸ್ ಚಾಲಕ ವೇಲನ್‌ನ ಹೆಂಡತಿ ಡಾರ್ಲೀನ್. ಹಿಂದಿನ ದಿನ ಸೂಪರ್‌ಸ್ಪೀಡ್‌ವೇ ಕಾರ್ ರೇಸಿನ ಕೊನೆಯ ಸುತ್ತಿನಲ್ಲಿ ವೇಲನ್ ಓರೆಯಾದ ಟ್ರ್ಯಾಕಿನ ಕೆಳಗಿನ ಸಾಲಿಗೆ ಇಳಿದು ಪಕ್ಕದ ಕಾರಿಗೆ ಗುದ್ದಿದ್ದ. ಅದರಲ್ಲಿದ್ದ ಗೆಳೆಯ ಒಡೆಲ್ ಸತ್ತಿದ್ದ.

“ಆಸ್ಪತ್ರೇಲಿ ‘ನಾನೇ ಕೊಂದೆ’ ಅಂತ ಗೋಡೆ ಕಡೆ ಮುಖ ಮಾಡಿ ಮಲಗಿದಾರೆ. ನೀರೂ ಮುಟ್ತಿಲ್ಲ. ಹಾರ್ಲನ್ ಹೇಳದೆ ಅವರು ಇಳಿಯೋರಲ್ಲ ಸಾಹೇಬ್ರೆ.”

ಹಾರ್ಲನ್ ಅವನ ಸ್ಪಾಟರ್. ಪ್ರೇಕ್ಷಕರ ಸ್ಟ್ಯಾಂಡಿನ ಚಾವಣಿಯ ಮೇಲೆ ನಿಂತು, ಪಕ್ಕದಲ್ಲಿ ಯಾರಿದ್ದಾರೆಂದು ರೇಡಿಯೊದಲ್ಲಿ ಹೇಳುವವನು. ಕಾರಿನೊಳಗಿನವನಿಗೆ ಪಕ್ಕ ಸರಿಯಾಗಿ ಕಾಣುವುದಿಲ್ಲ. ಕಣ್ಣು ಮುಚ್ಚಿ ನಂಬಬೇಕು.

ತನಿಖಾಧಿಕಾರಿ ಹಾಲಮನ್ ದೂರು ದಾಖಲಿಸಿಕೊಂಡು ಹಾರ್ಲನ್‌ನನ್ನು ಕರೆಸಿದ.

“‘ಕೆಳಗೆ ಖಾಲಿ, ಇಳಿ’ ಅಂದಿದ್ದು ನೀನಾ?”

“ನಾನೇ. ಬಿಸಿಲು ಕಣ್ಣಿಗೆ ಹೊಡೀತಿತ್ತು. ಒಡೆಲ್ ಕಾಣಲಿಲ್ಲ.”

ಮಧ್ಯಾಹ್ನ ಹಾಲಮನ್ ಟ್ರ್ಯಾಕಿಗೆ ಹೋದ. ಒಳಮೈದಾನದಲ್ಲಿ ರೇಸ್ ನೋಡಲು ಬಂದವರ ಬಿಡಾರಗಳು ಇನ್ನೂ ಖಾಲಿಯಾಗಿರಲಿಲ್ಲ. ಒಬ್ಬ ಭೂಪ ಒಡೆಲ್‌ನ ಕಾರಿನಿಂದ ಕಿತ್ತು ಬಿದ್ದಿದ್ದ ತಗಡನ್ನು ಮಾಂಸ ಸುಡುವ ಒಲೆಗೆ ಒರಗಿಸಿ ಫೋಟೊ ತೆಗೆಯುತ್ತಿದ್ದ. ಹಾಲಮನ್ ಮಹಜರು ಮಾಡಿ ತಗಡನ್ನು ವಶಕ್ಕೆ ತೆಗೆದುಕೊಂಡ. ರೇಸಿನಲ್ಲಿ ಪ್ರೇಕ್ಷಕರೂ ಚಾಲಕರ ರೇಡಿಯೊ ಮಾತನ್ನು ಕೇಳಬಹುದು.

“ನಿನ್ನೆ ಯಾರ ರೇಡಿಯೊ ಕೇಳ್ತಿದ್ದೆ?”

“ಗೆದ್ದವನದು, ಟ್ರಾವಿಸ್‌ದು. ರೆಕಾರ್ಡೂ ಮಾಡಿದೀನಿ.”

ಟ್ರಾವಿಸ್ ಹಾರ್ಲನ್‌ನ ಮಗ. ಕೊನೆಯ ಸುತ್ತಿನಲ್ಲಿ ಅಪಘಾತವಾಗಿ ಹಳದಿ ದೀಪ ಹೊತ್ತಿದರೆ, ಆ ಕ್ಷಣ ಮುಂದಿದ್ದವನೇ ಗೆದ್ದ ಹಾಗೆ. ಮುಂದಿದ್ದವನು ಟ್ರಾವಿಸ್.

ಚಾವಣಿಯ ಮೇಲೆ ಸ್ಪಾಟರ್‌ಗಳು ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ. ಟ್ರಾವಿಸ್‌ನ ಸ್ಪಾಟರ್ ಮಾತಾಡುತ್ತಿದ್ದಾಗ ಅವನ ಮೈಕಿನಲ್ಲಿ ಪಕ್ಕದ ಹಾರ್ಲನ್‌ನ ದನಿಯೂ ಸಿಕ್ಕಿತ್ತು. ಮೊದಲು ಆ ಸ್ಪಾಟರ್‌ಗೆ, “ಈಗ ಹಳದಿ ಬೀಳತ್ತೆ, ಹುಡುಗಂಗೆ ಮುಂದೇನೇ ಇರಕ್ಕೆ ಹೇಳು.” ಆಮೇಲೆ, “ಕೆಳಗೆ ಖಾಲಿ, ಇಳಿ.” ಅದಾದ ಮೇಲೆ ಜನರ ಚೀರಾಟ.

ಸಂಜೆ ಅದನ್ನು ಹಾರ್ಲನ್‌ಗೆ ಕೇಳಿಸಿದ.

“ಬಿಸಿಲಲ್ಲಿ ಒಡೆಲ್ ಕಾಣಲಿಲ್ಲ. ಬೀಳದಿರೋ ಹಳದಿ ಹೆಂಗೆ ಕಾಣ್ತು?”

ಹಾರ್ಲನ್ ಟೋಪಿ ತೆಗೆದು ಮೇಜಿನ ಮೇಲಿಟ್ಟ. “ಈ ಸಲ ಗೆಲ್ಲದಿದ್ರೆ ಟೀಮಿನೋರು ಹುಡುಗನ್ನ ಕಾರಿಂದ ಇಳಿಸಿ ಬೇರೆಯವನ್ನ ಕೂರಿಸ್ತಿದ್ರು. ಬರೀ ಡಿಕ್ಕಿ ಆಗತ್ತೆ ಅಂದ್ಕೊಂಡೆ. ಎಲ್ಲಾ ರೇಸಲ್ಲೂ ಆಗತ್ತಲ್ಲ.”

ಕೈಗೆ ಬೇಡಿ ಬಿದ್ದಾಗ ಕೇಳಿದ: “ಗೆಲುವು ಅವನ ಹೆಸರಲ್ಲೇ ಇರತ್ತೆ, ಅಲ್ವಾ?”

ಸತ್ತವನ ಬಗ್ಗೆ ಒಂದು ಮಾತಿಲ್ಲ. ಇಂಥವನ ಜೊತೆ ಒಂದೇ ಕೋಣೆಯಲ್ಲಿ ಉಸಿರಾಡುವುದಕ್ಕೂ ಹಾಲಮನ್‌ಗೆ ಅಸಹ್ಯವಾಯಿತು. ಹೊರಗೆ ಬಂದು ಆಸ್ಪತ್ರೆಗೆ ಫೋನ್ ಮಾಡಿ, ರೆಕಾರ್ಡನ್ನು ವೇಲನ್‌ಗೆ ಕೇಳಿಸಿದ.



“ಶನಿವಾರ ಹಾರ್ಲನ್ ಮನೇಲೇ ಊಟ ಮಾಡಿದ್ವಿ ಸಾಹೇಬ್ರೆ,” ಎಂದ ವೇಲನ್. “ಒಡೆಲ್‌ಗೆ ಅವನೇ ಬಡಿಸಿದ.”